ಮಲೆನಾಡಿನ ಮನೆಗೆ ಇಸ್ತ್ರಿ ಟೇಬಲ್: ಕವರ್ ಬಣ್ಣಕ್ಕಿಂತ ಮೊದಲು ಅಡಿ ನೋಡಿ

ಜೂನ್ ತಿಂಗಳು, ಬೆಳಗ್ಗೆ ಏಳೂವರೆ. ಮಗಳ ಯೂನಿಫಾರಂ ಮುಟ್ಟಿ ನೋಡುತ್ತೇನೆ. ಬೆನ್ನಿನ ಭಾಗ ಒಣಗಿದೆ. ಕಾಲರ್, ಜೇಬು, ಹೊಲಿಗೆಯ ಮಡಿಕೆಗಳು ಇನ್ನೂ ತಣ್ಣಗಿವೆ. ರಾತ್ರಿಯಿಡೀ ಫ್ಯಾನಿನ ಕೆಳಗೆ ಹರಡಿದ್ದರೂ ಇಷ್ಟೇ. ಊರಿನ ಮನೆಯಾಗಿದ್ದರೆ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಬಹುದಿತ್ತು. ಶಾಲೆ ಬಸ್ಸು ಬರಲು ಇನ್ನು ಅರ್ಧ ಗಂಟೆ. ಉಳಿದಿರುವ ದಾರಿ ಇಸ್ತ್ರಿಪೆಟ್ಟಿಗೆ ಒಂದೇ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಸ್ತ್ರಿಗೆ ಎರಡು ಕೆಲಸ. ಸುಕ್ಕು ತೆಗೆಯುವುದು ಆಮೇಲಿನ ಮಾತು, ಮೊದಲು ಬಟ್ಟೆ ಒಣಗಬೇಕು. ಇಸ್ತ್ರಿ ಟೇಬಲ್ ಕೊಳ್ಳುವಾಗ ಉದ್ದ, ಅಗಲ, ಕವರಿನ ಬಣ್ಣ, ರೇಟು ಎಲ್ಲಾ ನೋಡುತ್ತೇವೆ. ಈ ಒಣಗಿಸುವ ಕೆಲಸ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ನನಗೂ ಹೊಳೆದಿರಲಿಲ್ಲ. ಹಾಗಾಗಿ ಮೊದಲು ಕೊಂಡ ಟೇಬಲ್ ಒಂದೇ ಮಳೆಗಾಲಕ್ಕೆ ಹೋಯಿತು. ಅದರಿಂದ ಕಲಿತದ್ದು, ಶಿವಮೊಗ್ಗದ ನಮ್ಮ ಬಾಡಿಗೆ ಮನೆಯಲ್ಲಿ ಮತ್ತು ತೀರ್ಥಹಳ್ಳಿ ಕಡೆಯ ಅತ್ತೆ ಮನೆಯಲ್ಲಿ ಬಳಸಿ ನೋಡಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಬೆ ಎಲ್ಲಿಗೆ ಹೋಗುತ್ತದೆ?

ಹಸಿ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ಇಟ್ಟ ಕೂಡಲೇ ಚುರ್ ಅನ್ನುತ್ತದೆ ಅಲ್ವಾ, ಆ ಹಬೆಯಲ್ಲಿ ಸ್ವಲ್ಪ ಪಕ್ಕದಿಂದ ಮೇಲೆ ಬರುತ್ತದೆ. ಉಳಿದದ್ದು ಬಟ್ಟೆ ತೂರಿ ಕವರಿಗೆ, ಕವರಿನಡಿಯ ಸ್ಪಂಜಿಗೆ ಇಳಿಯುತ್ತದೆ. ಅಲ್ಲಿಂದ ಹೊರಗೆ ಹೋಗಲು ಅದಕ್ಕೆ ದಾರಿ ಇದೆಯೋ ಇಲ್ಲವೋ, ಮಲೆನಾಡಿನವರು ಮೊದಲು ನೋಡಬೇಕಾದ್ದು ಇದನ್ನೇ.

ಅಂಗಡಿಯಲ್ಲಿ ಐರನ್ ಬೋರ್ಡ್ ಅಂತ ಕೇಳಿದರೆ ಎರಡು ಜಾತಿ ತೋರಿಸುತ್ತಾರೆ. ಒಂದರ ತಲೆ ಕಬ್ಬಿಣದ ಜಾಲರಿಯದು. ಇನ್ನೊಂದರದು ಹಲಗೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ, ಕವರ್ ಮುಚ್ಚಿರುತ್ತದೆ. ಮಗುಚಿ ಹಾಕಿದರೆ ಮಾತ್ರ ಗೊತ್ತಾಗುತ್ತದೆ.

ನಾನು ಮೊದಲು ಆನ್‌ಲೈನಿನಲ್ಲಿ ತರಿಸಿದ್ದು ಹಲಗೆಯದು. ಫೋಟೋದಲ್ಲಿ 'ಮರದ ಟಾಪ್' ಅಂತ ಬರೆದಿತ್ತು. ಮರ ಅಂದರೆ ಗಟ್ಟಿ ಅಂದುಕೊಂಡೆ. ಬಂದದ್ದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಏಪ್ರಿಲ್, ಮೇ ಚೆನ್ನಾಗಿಯೇ ನಡೆಯಿತು. ಆಗಸ್ಟ್ ಹೊತ್ತಿಗೆ ಮೂತಿಯ ಹತ್ತಿರ ಉಬ್ಬು ಬಂತು, ಪೆಟ್ಟಿಗೆ ಅಲ್ಲಿಗೆ ಹೋದಾಗಲೆಲ್ಲ ಓಲಾಡುತ್ತಿತ್ತು. ಒಂದು ಭಾನುವಾರ ಕವರ್ ಬಿಚ್ಚಿದೆ. ಸ್ಪಂಜಿನ ತುಂಬಾ ಕಪ್ಪು ಚುಕ್ಕಿ, ಬೂಷ್ಟು. ಹಲಗೆಯ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಪುಡಿಯಾಗಿ ಉದುರಿತು. ಆಗ ತಿಳಿಯಿತು, ಎರಡು ತಿಂಗಳಿಂದ ನನ್ನ ಸೀರೆಗಳಿಗೆ ಬರುತ್ತಿದ್ದ ಮುಗ್ಗಲು ವಾಸನೆ ಬೀರುವಿನದಲ್ಲ, ಇದರದ್ದು ಅಂತ. ಫೋನ್ ಮಾಡಿದರೆ ತೇವದಿಂದ ಹಾಳಾದದ್ದು ವಾರಂಟಿಗೆ ಬರುವುದಿಲ್ಲ ಅಂದರು.

ಈಗಿರುವುದು ಜಾಲರಿಯದು. ಹಸಿ ಕಾಲರ್ ಒತ್ತುವಾಗ ಒಮ್ಮೆ ಟೇಬಲ್ ಅಡಿ ಕೈ ಇಟ್ಟು ನೋಡಿದೆ. ಹಬೆ ಬೆಚ್ಚಗೆ ಅಂಗೈಗೆ ತಾಗಿತು. ತೆಗೆದು ನೋಡಿದರೆ ಕೈ ಪಸೆಪಸೆ. ಆ ನೀರೆಲ್ಲ ಮೊದಲಿನ ಟೇಬಲಿನಲ್ಲಿ ಸ್ಪಂಜಿನೊಳಗೇ ಕೂರುತ್ತಿತ್ತು.

ಜಾಲರಿ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಅಂತಲ್ಲ. ಕವರಿನ ಮೇಲಿಂದ ಹೆಬ್ಬೆರಳು ಊರಿ ನೋಡಿ. ಜಾಲರಿಯ ಕಣ್ಣು ಬೆರಳಿಗೆ ಸಿಕ್ಕಿದರೆ ಪ್ಯಾಡ್ ತೆಳು ಅಂತ ಅರ್ಥ. ಅಂಥದ್ದರ ಮೇಲೆ ತೆಳ್ಳನೆಯ ರೇಷ್ಮೆ ಒತ್ತಿದರೆ ಬಟ್ಟೆಯ ಮೇಲೆ ಜಾಲರಿಯ ಗುರುತು ಮೂಡುತ್ತದೆ. ದಪ್ಪ ಪ್ಯಾಡ್ ಇರುವುದನ್ನೇ ಆರಿಸಿ. ಇಲ್ಲವಾದರೆ ಮನೆಯಲ್ಲಿ ಕವರಿನಡಿ ಹಳೆಯ ಕಂಬಳಿ ತುಂಡು ಹಾಸಿಕೊಳ್ಳಿ, ಅದೂ ಆಗುತ್ತದೆ.

ಇನ್ನೊಂದು ತುಕ್ಕು. ಪೌಡರ್ ಕೋಟಿಂಗ್ ಇದೆ ಅಂತ ಎಲ್ಲರೂ ಹೇಳುತ್ತಾರೆ. ನೀವು ಬೆಸುಗೆ ಹಾಕಿದ ಜಾಗ, ಜಾಲರಿ ಕತ್ತರಿಸಿದ ಅಂಚು ನೋಡಿ. ಪೇಂಟು ಬಿಟ್ಟುಹೋಗಿ ಕಬ್ಬಿಣ ಕಾಣುತ್ತಿದ್ದರೆ ತುಕ್ಕು ಅಲ್ಲಿಂದಲೇ ಶುರು. ಅತ್ತಿಗೆ ಮನೆಯ ಟೇಬಲಿನಲ್ಲಿ ಹಾಗಾಗಿ, ಬಿಳಿ ಪಂಚೆಯ ಮೇಲೆ ಸಾಲಾಗಿ ಕಂದು ಚುಕ್ಕೆ ಬಿದ್ದಿದ್ದವು. ಸೋಪಿಗೆ ಹೋಗಲಿಲ್ಲ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟ ಮೇಲೆ ಹೋಯಿತು. ಮಳೆಗಾಲದಲ್ಲಿ ಆ ಬಿಸಿಲು ಎಲ್ಲಿಂದ ತರುವುದು? ಹಾಗಾಗಿ ಕೊಳ್ಳುವಾಗಲೇ ನೋಡುವುದು ಒಳ್ಳೆಯದು.

ಮಲೆನಾಡು ಅಂತ ಒಂದೇ ಮಾತಿನಲ್ಲಿ ಹೇಳಿದರೂ ಎಲ್ಲ ಕಡೆ ಮಳೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಶಿವಮೊಗ್ಗ ಪಟ್ಟಣದಲ್ಲಿ ಅದರ ಕಾಲು ಭಾಗವೂ ಇಲ್ಲ. ವಿನೋಬನಗರದಲ್ಲೋ ಗೋಪಾಳದಲ್ಲೋ ಗಾಳಿ ಬೆಳಕಿರುವ ಮೂರನೇ ಮಹಡಿಯಲ್ಲಿದ್ದು, ಬಟ್ಟೆ ಪೂರ್ತಿ ಒಣಗಿದ ಮೇಲೆ ಮಾತ್ರ ಇಸ್ತ್ರಿ ಮಾಡುವವರಿಗೆ ಹಲಗೆಯ ಟೇಬಲೂ ಕೆಲವು ವರ್ಷ ಬರಬಹುದು. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಅದರ ತಂಟೆಗೆ ಹೋಗಬೇಡಿ.

ನೆಲ, ಮಂಚ, ಊಟದ ಟೇಬಲ್

ಇಸ್ತ್ರಿ ಟೇಬಲ್ ಬೇಕೇ ಬೇಕಾ ಅಂತ ಕೇಳುವವರಿದ್ದಾರೆ. ನಮ್ಮ ಅಜ್ಜಿ ಕೊನೆಯ ತನಕ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಮೇಲೆ ಹಳೇ ಹತ್ತಿ ಸೀರೆ ಹಾಕಿಕೊಂಡೇ ಇಸ್ತ್ರಿ ಮಾಡಿದ್ದು. ಆ ಕಂಬಳಿಯ ಗುಣ ಈಗಿನ ಸ್ಪಂಜಿಗಿಲ್ಲ. ಉಣ್ಣೆ ತೇವ ಹೀರಿಕೊಳ್ಳುತ್ತದೆ, ಬಿಸಿ ತಡೆಯುತ್ತದೆ, ಬಿಡಿಸಿ ಹರಡಿದರೆ ಒಣಗುತ್ತದೆ. ಜಾಗವೂ ಬೇಕಾದಷ್ಟು, ಪಂಚೆ ಸೀರೆ ಎಲ್ಲಾ ಸಲೀಸು. ಕಷ್ಟ ಇರುವುದು ಸೊಂಟಕ್ಕೆ, ಮಂಡಿಗೆ. ಜೊತೆಗೆ ಮಳೆಗಾಲದಲ್ಲಿ ಕಾವಿ ನೆಲ ಬೆವರುತ್ತದೆ. ಪಸೆ ನೆಲದ ಮೇಲೆ ಕೂತು ಕರೆಂಟಿನ ಪೆಟ್ಟಿಗೆ ಹಿಡಿಯುವುದು ನನಗೆ ಭಯ. ಪ್ಲಗ್ಗಿಗೆ ಮೂರು ಪಿನ್ ಇದ್ದು, ಮನೆಯ ಅರ್ಥಿಂಗ್ ಸರಿಯಾಗಿರಲೇಬೇಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಂತೂ ನೆಲದ ಇಸ್ತ್ರಿ ಬೇಡವೇ ಬೇಡ.

ಮಂಚದ ಮೇಲೆ ಮಾಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಹಾಸಿಗೆ ಮೆತ್ತಗಿರುವುದರಿಂದ ಪೆಟ್ಟಿಗೆ ನೆಟ್ಟಗೆ ನಿಲ್ಲುವುದಿಲ್ಲ. ಹಬೆಯೆಲ್ಲ ಹಾಸಿಗೆಯೊಳಗೆ ಹೋಗುತ್ತದೆ, ರಾತ್ರಿ ಅದೇ ತೇವದ ಮೇಲೆ ಮಲಗುತ್ತೇವೆ.

ಊಟದ ಟೇಬಲ್ ಪರವಾಗಿಲ್ಲ, ಆದರೆ ಪಾಲಿಶ್ ಮಾಡಿದ ಮರವಾದರೆ ಬಿಸಿಗೂ ಹಬೆಗೂ ಬಿಳಿ ಮಚ್ಚೆ ಬೀಳುತ್ತದೆ. ಅದು ಸುಲಭಕ್ಕೆ ಹೋಗುವುದಿಲ್ಲ.

ಊಟದ ಟೇಬಲ್ ಇರುವವರಿಗೆ ನಡುವಿನ ದಾರಿಯೊಂದಿದೆ. ಅದು ಮೇಜಿನ ಮೇಲೆ ಇಡುವ ಚಿಕ್ಕ ಬೋರ್ಡು. ಸುಮಾರು 75 ಸೆಂಟಿಮೀಟರ್ ಉದ್ದ, 30 ಅಗಲ, ಗಿಡ್ಡ ಕಾಲು. ಊಟದ ಟೇಬಲಿನ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರ್. ಅದರ ಮೇಲೆ ಈ ಬೋರ್ಡಿನ ಹತ್ತು ಹನ್ನೆರಡು ಸೇರಿದರೆ ನಿಂತು ಕೆಲಸ ಮಾಡಲು ಸರಿಯಾದ ಎತ್ತರವೇ ಬರುತ್ತದೆ. ಕಾಲು ಇರುವುದರಿಂದ ಅಡಿಯಲ್ಲಿ ಗಾಳಿಯೂ ಆಡುತ್ತದೆ. ಇದರಲ್ಲೂ ಜಾಲರಿಯದನ್ನೇ ಕೇಳಿ. ರೂಮು ಮಾಡಿಕೊಂಡಿರುವ ಹುಡುಗರಿಗೆ, ಪಿ.ಜಿ.ಯಲ್ಲಿರುವವರಿಗೆ, ದಿನಕ್ಕೆ ಒಂದು ಶರ್ಟು ಒಂದು ಪ್ಯಾಂಟು ಸಾಕು ಅನ್ನುವವರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಸೀರೆ, ಪಂಚೆ, ಬೆಡ್‌ಶೀಟಿಗೆ ಮಾತ್ರ ತಾಳ್ಮೆ ಬೇಕು. ಎಳೆದಷ್ಟೂ ಆ ಕಡೆ ಇಸ್ತ್ರಿಯಾದದ್ದು ಮತ್ತೆ ಸುಕ್ಕಾಗುತ್ತದೆ.

ನಿಂತು ಮಾಡುವ ಟೇಬಲ್: ಅಳತೆ ಮತ್ತು ಕಾಲು

ಮಡಚುವ ಕಾಲಿನ ದೊಡ್ಡ ಟೇಬಲ್ ಸುಮಾರು ಒಂದೂವರೆ ಸಾವಿರ ರೂಪಾಯಿಯಿಂದ ಶುರುವಾಗಿ ನಾಲ್ಕೈದು ಸಾವಿರದ ತನಕ ಇದೆ. ಜಾಸ್ತಿ ಸಿಗುವುದು 38 ಸೆಂಟಿಮೀಟರ್ ಅಗಲದ್ದು. 30ರದ್ದೂ ಇದೆ, 45ರದ್ದೂ ಇದೆ.

ಸೀರೆ ಉಡುವ ಮನೆಯಾದರೆ ಈ ಲೆಕ್ಕ ನೋಡಿ. ಸೀರೆಯ ಪನ್ನ ಸುಮಾರು 115 ಸೆಂಟಿಮೀಟರ್. ಅಡ್ಡಕ್ಕೆ ನಾಲ್ಕು ಮಡಿಕೆ ಮಾಡಿದರೆ 29 ಸೆಂಟಿಮೀಟರ್ ಆಗುತ್ತದೆ. 38ರ ಟೇಬಲಿನ ಮೇಲೆ ಇದು ಆರಾಮಾಗಿ ಕೂರುತ್ತದೆ, ಅಂಚು ಜಾರುವುದಿಲ್ಲ. 30ರ ಮೇಲೂ ಹಿಡಿಸುತ್ತದೆ, ಆದರೆ ಕೂದಲೆಳೆಯಷ್ಟು ಆಚೀಚೆ ಆದರೂ ಜರಿ ಅಂಚು ಕೆಳಗೆ ಜೋಲುತ್ತದೆ. ಎರಡೇ ಮಡಿಕೆಯಲ್ಲಿ ಮಾಡಬೇಕೆಂದರೆ 57 ಬೇಕು, ಅದು 45ರಲ್ಲೂ ಆಗುವುದಿಲ್ಲ. ಹಾಗಾಗಿ ಸೀರೆಗಾಗಿಯೇ 45ರದ್ದು ಕೊಳ್ಳುವುದರಲ್ಲಿ ದೊಡ್ಡ ಲಾಭ ಇಲ್ಲ. ದೊಡ್ಡ ಅಳತೆಯ ಶರ್ಟು, ಬೆಡ್‌ಶೀಟು ಜಾಸ್ತಿ ಇರುವ ಮನೆಗೆ ಅದು ಸರಿ. ಸುಮ್ನೆ ದೊಡ್ಡದು ತಂದರೆ ಮಡಚಿ ಇಡಲು ಜಾಗ ಹುಡುಕಬೇಕಾಗುತ್ತದೆ.

ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಅಡಿ ಇದ್ದರೆ ಸಾಕು.

ಮೂತಿ ಮಾತ್ರ ಗಮನಿಸಿ. ಅದು ಚೂಪಾಗಿರುವುದು ಅಂದಕ್ಕಲ್ಲ, ತೋಳು ತೊಡಿಸಲಿಕ್ಕೆ. ಅಮೆರಿಕದ ಸಾರಾ ಬೂನ್ ಅನ್ನುವ ಹೆಣ್ಣುಮಗಳು, ಗುಲಾಮಗಿರಿಯಲ್ಲಿ ಹುಟ್ಟಿ ಆಮೇಲೆ ಉಡುಪು ಹೊಲಿಯುವ ಕೆಲಸ ಮಾಡುತ್ತಿದ್ದವರು, 1892ರಲ್ಲಿ ಇಸ್ತ್ರಿ ಹಲಗೆಯೊಂದಕ್ಕೆ ಪೇಟೆಂಟ್ ಪಡೆದರು. ಹೆಂಗಸರ ಉಡುಪಿನ ತೋಳು, ಮೈಭಾಗಕ್ಕೆ ಹೊಂದುವಂತೆ ಕಿರಿದಾಗಿ, ಬಾಗಿದ ಹಾಗೆ ಇತ್ತು ಅದು. ಬ್ಲೌಸ್ ತೋಳಿಗೆ ಇವತ್ತಿಗೂ ಅದೇ ಕಷ್ಟ. ಅಂಗಡಿಗೆ ಹೋಗುವಾಗ ಒಂದು ಬ್ಲೌಸ್ ಚೀಲದಲ್ಲಿ ಹಾಕಿಕೊಂಡು ಹೋಗಿ ತೊಡಿಸಿ ನೋಡಿ. ಮೂತಿ ಅಗಲವಾಗಿದ್ದರೆ ತೋಳಿಗೆಂದೇ ಬರುವ ಚಿಕ್ಕ ಬೋರ್ಡ್ ಬೇಕಾಗುತ್ತದೆ, ಅಥವಾ ಟವೆಲ್ ಸುರುಳಿ ಸುತ್ತಿ ತೋಳಿನೊಳಗೆ ತೂರಿಸಿ ಮಾಡಬೇಕಾಗುತ್ತದೆ.

ಎತ್ತರಕ್ಕೆ ಟೇಪು ಬೇಡ. ಚಪ್ಪಲಿ ಕಳಚಿ ನಿಲ್ಲಿ, ಮೊಣಕೈ ಮಡಚಿ. ಟೇಬಲ್ ಮೊಣಕೈಗಿಂತ ಅರ್ಧ ಗೇಣು ಕೆಳಗಿರಬೇಕು. ಅದಕ್ಕಿಂತ ಕೆಳಗಿದ್ದರೆ ಸೊಂಟ ಬಾಗುತ್ತದೆ, ಮೇಲಿದ್ದರೆ ಭುಜ ಸೋಲುತ್ತದೆ. ಎತ್ತರ ಬದಲಿಸುವ ಹಿಡಿಯನ್ನು ನೀವೇ ನಾಲ್ಕು ಸಲ ಒತ್ತಿ ಮಡಚಿ ಬಿಡಿಸಿ ನೋಡಿ. ಮನೆಯಲ್ಲಿ ಬೇರೆ ಬೇರೆ ಎತ್ತರದವರು ಇಸ್ತ್ರಿ ಮಾಡುವುದಾದರೆ ಇದು ಸಲೀಸಾಗಿರಬೇಕು. ನಮ್ಮ ಅತ್ತೆಗೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ, ಕುರ್ಚಿಯಲ್ಲಿ ಕೂತು ಮಾಡುತ್ತಾರೆ. ಅಂಥವರಿದ್ದರೆ ಅತಿ ಕೆಳಗಿನ ಹಂತಕ್ಕೆ ಇಳಿಸಿ, ಅಂಗಡಿಯ ಕುರ್ಚಿ ಹಾಕಿಕೊಂಡು ಕೂತೇ ನೋಡಿ. ಮಂಡಿಗೆ ಅಡ್ಡಪಟ್ಟಿ ತಾಗಬಾರದು.

ಕಾಲಿನ ವಿಷಯಕ್ಕೆ ಬಂದರೆ, ಟೇಬಲ್ ಬಿಡಿಸಿ ನಿಲ್ಲಿಸಿ ಮೂತಿಯ ಕಡೆ ಅಂಗೈ ಊರಿ ಭಾರ ಬಿಡಿ. ಹಿಂದಿನ ಕಾಲು ಎದ್ದರೆ ಬೇಡ. ಪಕ್ಕಕ್ಕೆ ತಳ್ಳಿ ನೋಡಿ. ತೀರಾ ಹಗುರವಾದದ್ದು ಎತ್ತಲು ಸುಲಭ ಅನ್ನಿಸುತ್ತದೆ, ಆದರೆ ಜೀನ್ಸ್ ಪ್ಯಾಂಟ್ ಒತ್ತುವಾಗ ಟೇಬಲ್ಲೇ ನಡೆಯಲು ಶುರು ಮಾಡುತ್ತದೆ. ಕಾವಿ ನೆಲ ನುಣುಪು, ಟೈಲ್ಸೂ ನುಣುಪು. ಕಾಲಿನ ಬೂಟು ರಬ್ಬರಿನದ್ದಿರಲಿ. ಗಟ್ಟಿ ಪ್ಲಾಸ್ಟಿಕ್ ಆದರೆ ಜಾರುತ್ತದೆ. ಹಳೆಯ ಮನೆಗಳಲ್ಲಿ ನೆಲ ಮಟ್ಟ ಇರುವುದಿಲ್ಲ. ಕಾಲಿಗೆ ತಿರುಗಿಸಿ ಎತ್ತರ ಹೊಂದಿಸುವ ಬೂಟು ಇರುವ ಮಾದರಿ ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಅದನ್ನೇ ತನ್ನಿ.

ಗೋಡೆಗೆ ಹಾಕಿ ಬೇಕಾದಾಗ ಇಳಿಸಿಕೊಳ್ಳುವ ಮಾದರಿ ಜಾಗ ಉಳಿಸುತ್ತದೆ, ನಿಜ. ಗಟ್ಟಿ ಗೋಡೆಯ ಹೊಸ ಮನೆಗೆ ಸರಿ. ಮಣ್ಣಿನ ಗೋಡೆಗೆ ಸ್ಕ್ರೂ ಹಿಡಿಯುವುದಿಲ್ಲ. ಜಂಬಿಟ್ಟಿಗೆ ಗೋಡೆಯೂ ಮಳೆಗೆ ಪಸೆ ಎಳೆಯುತ್ತದೆ, ಅದಕ್ಕೆ ಅಂಟಿಕೊಂಡ ಬೋರ್ಡ್ ಒಣಗುವುದು ಯಾವಾಗ?

ಆಚಾರಿ ಮಾಡಿಕೊಟ್ಟ ಟೇಬಲ್

ನಮ್ಮ ಕಡೆ ಅಟ್ಟದಲ್ಲಿ ಹಲಗೆ ಇಲ್ಲದ ಹಳೆಯ ಮನೆ ಅಪರೂಪ. ಅತ್ತೆ ಮನೆಯಲ್ಲಿ ಅಂಥದ್ದೊಂದು ಹಲಸಿನ ಹಲಗೆಯಿಂದಲೇ ಇಸ್ತ್ರಿ ಮೇಜು ಮಾಡಿಸಿದ್ದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಲುಗಾಡದ ಕಾಲು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಎರಡು ಮಡಿಕೆ ಹತ್ತಿ ಬಟ್ಟೆ. ಕೆಲಸ ಮುಗಿದ ಮೇಲೆ ಕಂಬಳಿ ತೆಗೆದು ಗಳಕ್ಕೆ ಹಾಕುತ್ತಾರೆ. ಹಲಗೆ ಬೆತ್ತಲೆಯಾಗಿ ಗಾಳಿಗೆ ಒಣಗುತ್ತದೆ. ಗಟ್ಟಿ ಮರ ಹೊಟ್ಟಿನ ಹಲಗೆಯ ಹಾಗೆ ಉಬ್ಬಿ ಉದುರುವುದಿಲ್ಲ. ನನ್ನನ್ನು ಕೇಳಿದರೆ, ಜಾಗ ಇರುವ ಮನೆಗೆ ಇದು ಅಂಗಡಿಯ ಯಾವ ಟೇಬಲಿಗೂ ಕಡಿಮೆ ಇಲ್ಲ.

ಮಾಡಿಸುವವರು ಎರಡು ವಿಷಯ ನೆನಪಿಡಿ. ಮೇಲ್ಭಾಗಕ್ಕೆ ಪಾಲಿಶ್, ವಾರ್ನಿಶ್ ಬೇಡ, ಬಿಸಿಗೆ ಮೆತ್ತಗಾಗಿ ಬಟ್ಟೆಗೆ ಅಂಟುತ್ತದೆ. ಬರೀ ಮರವಾದರೆ ಬಣ್ಣ ಬಿಡುವ ಭಯ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಗೊತ್ತು, ಆ ನೀರಿಗೆ ಎಂಥ ಬಣ್ಣ ಬರುತ್ತದೆ ಅಂತ. ಹಲಸಿನ ಮರದಿಂದಲೂ ಹಳದಿ ಬಣ್ಣ ತೆಗೆಯುತ್ತಾರೆ. ಹಸಿ ಹಬೆ ತಾಗಿದರೆ ಅದು ಮೇಲಕ್ಕೆ ಏರಿ ಬಿಳಿ ಶರ್ಟಿಗೆ ಹಿಡಿಯಬಹುದು. ಹೊನ್ನೆ ಬೇಡವೇ ಬೇಡ. ಹಲಸಾದರೆ ಮೇಲೆ ದಪ್ಪ ಕಂಬಳಿ ತಪ್ಪಿಸಬೇಡಿ.

ಹಲಗೆ ಇಲ್ಲ, ಪ್ಲೈವುಡ್ ತರುತ್ತೇನೆ ಅನ್ನುವವರು ಐ.ಎಸ್. 710 ಅಂತ ಮುದ್ರೆ ಇರುವುದನ್ನು ಕೇಳಿ. ಅದು ನೀರಿಗೆ ತಡೆಯುವ ಮರೀನ್ ಪ್ಲೈ. ಐ.ಎಸ್. 303 ಅಂತ ಇರುವುದು ಸಾಧಾರಣ ಬಳಕೆಯದು, ರೇಟು ಕಡಿಮೆ, ಈ ಕೆಲಸಕ್ಕೆ ಬೇಡ.

ಕವರ್, ಪೆಟ್ಟಿಗೆ, ಕರೆಂಟು

ಬೆಳ್ಳಿ ಬಣ್ಣದ ಮಿರಿಮಿರಿ ಕವರ್ ಬಿಸಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಒಣ ಬಟ್ಟೆಗೆ ಬೇಗ ಇಸ್ತ್ರಿ ಆಗುತ್ತದೆ. ಆದರೆ ಹಬೆಗೆ ಕೆಳಗೆ ಇಳಿಯಲು ಅದು ಸರಿಯಾಗಿ ಬಿಡುವುದಿಲ್ಲ. ಮಳೆಗಾಲಕ್ಕೆ ಹತ್ತಿ ಕವರೇ ಸರಿ. ಪಾಲಿಯೆಸ್ಟರ್ ಕವರ್ ತರಬೇಡಿ. ಪೆಟ್ಟಿಗೆಯಲ್ಲಿ ಮೂರು ಚುಕ್ಕೆ ಅಂದರೆ ಸುಮಾರು 200 ಡಿಗ್ರಿ ಬಿಸಿ, ಹತ್ತಿಗೆ. ಎರಡು ಚುಕ್ಕೆ 150, ರೇಷ್ಮೆ, ಉಣ್ಣೆ, ಪಾಲಿಯೆಸ್ಟರಿಗೆ. ಒಂದು ಚುಕ್ಕೆ 110, ನೈಲಾನಿನಂಥದಕ್ಕೆ. ಹತ್ತಿಯ ಬಿಸಿ ದಿನಾ ತಾಗಿದರೆ ಪಾಲಿಯೆಸ್ಟರ್ ಕವರ್ ಸುಟ್ಟು ಗಟ್ಟಿಯಾಗುತ್ತದೆ. ಕವರ್ ಲಾಡಿಯದ್ದಿರಲಿ, ಬಿಚ್ಚಿ ಒಗೆಯುವ ಹಾಗೆ. ಪಿನ್ ಹೊಡೆದು ಕೂರಿಸಿದ್ದು ಬೇಡ. ಹಳೆ ಹತ್ತಿ ಪಂಚೆಯಲ್ಲಿ ಇನ್ನೊಂದು ಕವರ್ ಹೊಲಿಸಿಟ್ಟುಕೊಂಡರೆ ಒಂದು ಒಗೆದಾಗ ಇನ್ನೊಂದು ಆಯಿತು.

ಪೆಟ್ಟಿಗೆ ಇಡುವ ತಟ್ಟೆ ಕಬ್ಬಿಣದ್ದಿರಲಿ, ನಿಮ್ಮ ಪೆಟ್ಟಿಗೆ ಪೂರ್ತಿ ಕೂರುವಷ್ಟು ದೊಡ್ಡದಿರಲಿ. ಕರೆಂಟು ಹೋದಾಗ ಅಟ್ಟದಿಂದ ಇದ್ದಿಲ ಪೆಟ್ಟಿಗೆ ಇಳಿಸುವ ಮನೆಗಳು ಈಗಲೂ ಇವೆ. ಅದನ್ನು ಮಡಚುವ ಹಗುರ ಟೇಬಲಿನ ಮೇಲೆ ಬಳಸಬೇಡಿ. ಭಾರಕ್ಕೆ ಟೇಬಲ್ ಓಲಾಡುತ್ತದೆ, ಕಿಡಿ ಬಿದ್ದರೆ ಸ್ಪಂಜು ಸುಡುತ್ತದೆ. ಅದಕ್ಕೆ ಆಚಾರಿಯ ಮೇಜೇ ಸರಿ, ಅದೂ ಬಾಗಿಲು ಕಿಟಕಿ ತೆಗೆದಿಟ್ಟು.

ಟೇಬಲ್ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಪ್ಲಗ್ ನೋಡಿ ತೀರ್ಮಾನಿಸಿ. 1,000 ವ್ಯಾಟಿನ ಸಾದಾ ಪೆಟ್ಟಿಗೆ ನಾಲ್ಕೂವರೆ ಆಂಪಿಯರ್ ಒಳಗೆ ಎಳೆಯುತ್ತದೆ, ಚಿಕ್ಕ ಪ್ಲಗ್ ಸಾಕು. 1,600 ವ್ಯಾಟಿನ ಸ್ಟೀಮ್ ಪೆಟ್ಟಿಗೆ 7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಅದು ಜಾಸ್ತಿ ಮನೆಗಳಲ್ಲಿ ಇರುವುದು ಅಡುಗೆಮನೆಯಲ್ಲೋ ಬಚ್ಚಲಿನ ಹತ್ತಿರವೋ. ಹಸಿ ಬಟ್ಟೆ ಒಣಗಿಸುವಾಗ ಸ್ಟೀಮ್ ಬಂದ್ ಮಾಡಿಡಿ. ಇನ್ನು ಮಳೆಗಾಲದ ವೋಲ್ಟೇಜು. 230 ಇರಬೇಕಾದಲ್ಲಿ 180 ಬಂದರೆ 1,000 ವ್ಯಾಟಿನ ಪೆಟ್ಟಿಗೆ 600ರಷ್ಟೇ ಕೆಲಸ ಮಾಡುತ್ತದೆ. ಪೆಟ್ಟಿಗೆ ಹಾಳಾಗಿದೆ ಅಂತ ರಿಪೇರಿಗೆ ಒಯ್ಯುವ ಮೊದಲು ವೋಲ್ಟೇಜು ಸರಿ ಇದೆಯಾ ನೋಡಿ.

ನಮ್ಮ ಶಿವಮೊಗ್ಗದ ಮನೆಯಲ್ಲಿ ಈಗ ಇರುವುದು 38 ಸೆಂಟಿಮೀಟರಿನ ಜಾಲರಿ ಟೇಬಲ್, ಹತ್ತಿ ಕವರ್, ಅಡಿಯಲ್ಲಿ ಕಂಬಳಿ ತುಂಡು. ಮೂರು ಮಳೆಗಾಲ ಕಳೆದಿದೆ. ಇಸ್ತ್ರಿ ಮುಗಿದ ಕೂಡಲೇ ಮಡಚುವುದಿಲ್ಲ. ಮಗಳು ಬಸ್ಸು ಹತ್ತಿದ ಮೇಲೂ ಅರ್ಧ ಗಂಟೆ ಹಾಗೇ ಬಿಟ್ಟಿರುತ್ತೇನೆ, ಫ್ಯಾನಿನ ಕೆಳಗೆ. ಶನಿವಾರ ಲಾಡಿ ಬಿಚ್ಚಿ ಕಂಬಳಿ ತುಂಡನ್ನು ಮೂಸಿ ನೋಡುತ್ತೇನೆ. ಸ್ವಲ್ಪ ಮುಗ್ಗಲು ಅನ್ನಿಸಿದರೂ ಊರಿಗೆ ಹೋಗುವಾಗ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಒಂದು ರಾತ್ರಿ ಬಚ್ಚಲೊಲೆಯ ಗಳದ ಮೇಲೆ ಇದ್ದರೆ ಗರಿಗರಿಯಾಗಿ ಒಣಗಿರುತ್ತದೆ.